ವೈದ್ಯಕೀಯ ಬೋಧಕರ ಸಂಶೋಧನಾ ನೀತಿ ತರಬೇತಿ: ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಹಿನ್ನೆಲೆಯಲ್ಲಿ

ಮನುಷ್ಯರ ಮೇಲೆ ನಡೆಯುವ ವೈದ್ಯಕೀಯ ಸಂಶೋಧನೆಯಲ್ಲಿ ಭಾಗವಹಿಸುವವರ ಹಕ್ಕು, ಸುರಕ್ಷತೆ ಮತ್ತು ಘನತೆಯನ್ನು ಕಾಯುವುದು ಹೇಗೆಂದು ವೈದ್ಯಕೀಯ ಕಾಲೇಜಿನ ಅಧ್ಯಾಪಕರಿಗೆ ಕಲಿಸುವ ಶಿಕ್ಷಣವೇ ಸಂಶೋಧನಾ ನೀತಿ ತರಬೇತಿ. ಅಧ್ಯಾಪಕರು ಇಲ್ಲಿ ಒಮ್ಮೆಗೇ ಮೂರು ಕೆಲಸ ಮಾಡುತ್ತಾರೆ. ತಾವೇ ಸಂಶೋಧನೆ ನಡೆಸುತ್ತಾರೆ, ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಕ್ಕೆ ಗೈಡ್ ಆಗುತ್ತಾರೆ, ಕಾಲೇಜಿನ ಎಥಿಕ್ಸ್ ಕಮಿಟಿಯಲ್ಲಿ ಕುಳಿತು ಬೇರೆಯವರ ಸಂಶೋಧನೆಗೆ ಒಪ್ಪಿಗೆ ಕೊಡುತ್ತಾರೆ ಅಥವಾ ತಡೆಯುತ್ತಾರೆ. ಆದ್ದರಿಂದ ಒಬ್ಬ ಅಧ್ಯಾಪಕರ ತಿಳಿವಳಿಕೆಯಲ್ಲಿ ಕೊರತೆಯಿದ್ದರೆ ಅದು ವರ್ಷವರ್ಷವೂ ಅವರ ಕೈಕೆಳಗೆ ಪ್ರಬಂಧ ಬರೆಯುವ ವಿದ್ಯಾರ್ಥಿಗಳಿಗೂ ಹರಿದುಹೋಗುತ್ತದೆ.

ಈ ಶಿಕ್ಷಣ ಕಾಲೇಜಿನ ಸಭಾಂಗಣದಲ್ಲಿ ನಡೆಯುತ್ತದೆ, ಪರೀಕ್ಷೆಗೊಳಗಾಗುವುದು ಹಳ್ಳಿಯಲ್ಲಿ. ಮೈಸೂರು ಜಿಲ್ಲೆಯ ಮಟ್ಟಿಗೆ ಅಂಥ ಅನೇಕ ಹಳ್ಳಿಗಳು ಕಪಿಲಾ ಮತ್ತು ಕಾವೇರಿ ತೀರದ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿವೆ.

ಊರು ಮತ್ತು ಕಾಲೇಜು

ಈ ಭಾಗದ ಜನ ದೊಡ್ಡ ಕಾಯಿಲೆ ಬಂದರೆ ಬಸ್ಸು ಹತ್ತಿ ಮೈಸೂರಿಗೆ ಹೋಗುತ್ತಾರೆ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ಸರ್ಕಾರಿ ವೈದ್ಯಕೀಯ ಕಾಲೇಜು, ಅದಕ್ಕೆ ಸೇರಿದ ಕೆ.ಆರ್. ಆಸ್ಪತ್ರೆ ಮತ್ತು ಹೆರಿಗೆಗೆ ಹೆಸರಾದ ಚೆಲುವಾಂಬ ಆಸ್ಪತ್ರೆ ತಲೆಮಾರುಗಳಿಂದ ಈ ಎರಡು ತಾಲ್ಲೂಕುಗಳ ರೋಗಿಗಳನ್ನು ಕಂಡಿವೆ. ಮೈಸೂರಿನ ಇನ್ನೊಂದು ಕಾಲೇಜು ಜೆಎಸ್‌ಎಸ್ ವೈದ್ಯಕೀಯ ಕಾಲೇಜು (1984). ಅದರ ಮಾತೃಸಂಸ್ಥೆಯಾದ ಜೆಎಸ್‌ಎಸ್ ಮಹಾವಿದ್ಯಾಪೀಠದ ಬೇರು ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದಲ್ಲಿದೆ. ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದ ಗ್ರಾಮೀಣ ಆರೋಗ್ಯ ತರಬೇತಿ ಕೇಂದ್ರವೂ ಸುತ್ತೂರಿನಲ್ಲಿದೆ. ಸುತ್ತಲ ಹಳ್ಳಿಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ರಕ್ತಹೀನತೆ, ಬಾಣಂತನ ಕುರಿತು ನಡೆದ ಸಮೀಕ್ಷೆಗಳು, ಪಿಜಿ ಪ್ರಬಂಧಗಳು ಅನೇಕ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೊರಸೇವಾ ಕೇಂದ್ರ ನಡೆಸುತ್ತದೆ. ಜೈವಿಕ ಮತ್ತು ವರ್ತನಾ ಸಂಶೋಧನೆಗೆಂದು ತನ್ನದೇ ನೀತಿ ಮಾರ್ಗಸೂಚಿಯನ್ನು ಅಚ್ಚು ಮಾಡಿಸಿಕೊಂಡ ಸಂಸ್ಥೆಯೂ ಅದೇ.

ಇಲ್ಲಿನ ಸಂಶೋಧನೆಯ ತೂಕ ತಿಳಿಯಲು ಒಂದು ಉದಾಹರಣೆ ಸಾಕು. ಜೆಎಸ್‌ಎಸ್‌ನ ಶ್ವಾಸಕೋಶ ತಜ್ಞರು ಮೈಸೂರು ಜಿಲ್ಲೆಯ ಹಳ್ಳಿಯ ಹೆಂಗಸರಲ್ಲಿ ಸೌದೆ ಒಲೆಯ ಹೊಗೆಗೂ ವರ್ಷಗಟ್ಟಲೆ ಕಾಡುವ ಕೆಮ್ಮು ಕಫಕ್ಕೂ ಇರುವ ನಂಟನ್ನು ಅಳೆದು, ಎಷ್ಟು ಹೊಗೆ ಕುಡಿದರೆ ಅಪಾಯ ಶುರುವಾಗುತ್ತದೆ ಎಂಬುದಕ್ಕೆ ಒಂದು ಸೂಚ್ಯಂಕ ಕೊಟ್ಟರು. ಆ ಅಧ್ಯಯನ 2013ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಪ್ರಕಟವಾಯಿತು. ಬೀಡಿ ಸಿಗರೇಟು ಮುಟ್ಟದ ಹೆಂಗಸಿನ ಎದೆ ಏಕೆ ಕಟ್ಟುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಡುಗೆಮನೆಯ ವಿವರವನ್ನೆಲ್ಲ ಅಪರಿಚಿತರಿಗೆ ಹೇಳಿದ ಆ ಹೆಂಗಸರಿಂದಲೇ. ಸಂಶೋಧನಾ ನೀತಿ ಎಂದರೆ ಮೊದಲಿಗೆ ಈ ಋಣವನ್ನು ಒಪ್ಪಿಕೊಳ್ಳುವುದು.

ನಿಯಮಗಳು ಬಂದ ದಾರಿ

ನಾತ್ಸಿ ವೈದ್ಯರ ವಿಚಾರಣೆಯ ನಂತರದ ನ್ಯೂರೆಂಬರ್ಗ್ ಸಂಹಿತೆ (1947) ಮತ್ತು ವಿಶ್ವ ವೈದ್ಯಕೀಯ ಸಂಘದ ಹೆಲ್ಸಿಂಕಿ ಘೋಷಣೆ (1964, ಇತ್ತೀಚಿನ ಪರಿಷ್ಕರಣೆ 2024) ಜಾಗತಿಕ ಅಡಿಪಾಯ. ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1980ರಲ್ಲಿ ಮೊದಲ ನೀತಿ ಹೇಳಿಕೆ ಹೊರಡಿಸಿತು. 2000ದಲ್ಲಿ ಬಂದ ವಿಸ್ತೃತ ಮಾರ್ಗಸೂಚಿಯನ್ನು ರೂಪಿಸಿದ ಸಮಿತಿಗೆ ಕನ್ನಡನಾಡಿನವರೇ ಆದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅಧ್ಯಕ್ಷರಾಗಿದ್ದರು. 2006ರಲ್ಲಿ ಅದು ಪರಿಷ್ಕೃತವಾಯಿತು. ಈಗ ಚಾಲ್ತಿಯಲ್ಲಿರುವುದು 2017ರ ರಾಷ್ಟ್ರೀಯ ಮಾರ್ಗಸೂಚಿ. ಮಕ್ಕಳ ಕುರಿತು ಅದೇ ವರ್ಷ ಪ್ರತ್ಯೇಕ ಮಾರ್ಗಸೂಚಿಯೂ ಬಂತು. ಐಸಿಎಂಆರ್‌ನ ಜೈವಿಕ ನೀತಿ ಘಟಕ ಬೆಂಗಳೂರಿನಲ್ಲೇ ಇದೆ.

ಮಾರ್ಗಸೂಚಿಗೆ ಕಾನೂನಿನ ಬಲ ಬಂದದ್ದು ತಡವಾಗಿ, ಅದೂ ನೋವಿನ ಪ್ರಕರಣಗಳಾದ ಮೇಲೆ. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರ ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆವ ಎಚ್‌ಪಿವಿ ಲಸಿಕೆ ಹಾಕುವ ಯೋಜನೆ ಆರಂಭವಾಯಿತು. ಖಮ್ಮಂನ ಬುಡಕಟ್ಟು ಹಾಸ್ಟೆಲುಗಳಲ್ಲಿ ತಂದೆತಾಯಿಯ ಬದಲು ವಾರ್ಡನ್‌ಗಳೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಹೊರಬಂತು. 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಕಟುವಾದ ವರದಿ ಕೊಟ್ಟಿತು. ಲಸಿಕೆ ಒಳ್ಳೆಯದೇ, ಆದರೆ ಕೇಳದೆ ಹಾಕಿದ್ದು ತಪ್ಪು ಎಂಬ ಭೇದವನ್ನು ಬೋಧಕರಿಗೆ ಮನವರಿಕೆ ಮಾಡಲು ಇದಕ್ಕಿಂತ ಹತ್ತಿರದ ಪಾಠ ಇಲ್ಲ. ಸುತ್ತೂರಿನಲ್ಲಿ ದೊಡ್ಡ ವಸತಿ ಶಾಲೆಯಿದೆ. ಎರಡೂ ತಾಲ್ಲೂಕುಗಳಲ್ಲಿ ಸರ್ಕಾರಿ ಹಾಸ್ಟೆಲುಗಳಿವೆ. ಅಲ್ಲಿನ ಮಕ್ಕಳ ರಕ್ತದ ಕಬ್ಬಿಣಾಂಶ ಅಳೆಯಲು ಹೊರಟ ವಿದ್ಯಾರ್ಥಿಗೆ ಮುಖ್ಯೋಪಾಧ್ಯಾಯರ ಪತ್ರವೊಂದೇ ಸಾಲದು, ಅಪ್ಪ ಅಮ್ಮನ ಒಪ್ಪಿಗೆ ಬೇಕು. ಏಳರಿಂದ ಹನ್ನೊಂದು ವರ್ಷದ ಮಗುವಿನ ಬಾಯಿಮಾತಿನ ಸಮ್ಮತಿ, ಹನ್ನೆರಡರಿಂದ ಹದಿನೆಂಟರೊಳಗಿನವರ ಲಿಖಿತ ಸಮ್ಮತಿ ಪಡೆಯಬೇಕೆಂದು ಮಾರ್ಗಸೂಚಿ ಹೇಳುತ್ತದೆ.

2013ರಿಂದ ಔಷಧ ಪ್ರಯೋಗಗಳನ್ನು ಪರಿಶೀಲಿಸುವ ಎಥಿಕ್ಸ್ ಕಮಿಟಿಗಳಿಗೆ ನೋಂದಣಿ ಕಡ್ಡಾಯವಾಯಿತು. 2019ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು ಇನ್ನೊಂದು ಹೆಜ್ಜೆ ಮುಂದೆ ಹೋದವು. ಔಷಧ ಪ್ರಯೋಗವಲ್ಲದ ಆರೋಗ್ಯ ಸಂಶೋಧನೆಯನ್ನು ನೋಡುವ ಸಮಿತಿಯೂ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕಾಯಿತು. ಸುತ್ತೂರಿನ ಸಮೀಕ್ಷೆಯಂಥವು ಕಾನೂನಿನ ಕಣ್ಣಿಗೆ ಬಿದ್ದದ್ದು ಇದರಿಂದಲೇ.

ಬೋಧಕರು ಕಲಿಯುವ ಬಗೆ

ಕರ್ನಾಟಕದಲ್ಲಿ ಈ ಶಿಕ್ಷಣಕ್ಕೆ ಮೊದಲ ಮನೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು. ಬೇರೆ ಕಾಲೇಜುಗಳು ಯೋಚಿಸುವ ಮೊದಲೇ ಅದು ವೈದ್ಯಕೀಯ ನೀತಿಯನ್ನು ಪಾಠವಾಗಿ ಕಲಿಸತೊಡಗಿತ್ತು. 2018ರ ಡಿಸೆಂಬರಿನಲ್ಲಿ 14ನೆಯ ವಿಶ್ವ ಜೈವಿಕ ನೀತಿ ಸಮ್ಮೇಳನ ನಡೆದದ್ದೂ ಅಲ್ಲಿಯೇ. ಮಂಗಳೂರಿನ ಯೆನೆಪೋಯ ವಿಶ್ವವಿದ್ಯಾಲಯದ ನೀತಿ ಕೇಂದ್ರ ಡಿಪ್ಲೊಮಾ ತರಗತಿ ನಡೆಸಿ, ಆಮೇಲೆ ಅಮೆರಿಕದ ಫೊಗಾರ್ಟಿ ಕೇಂದ್ರದ ನೆರವಿನಿಂದ ಸಂಶೋಧನಾ ನೀತಿಯಲ್ಲೇ ಸ್ನಾತಕೋತ್ತರ ಪದವಿ ಆರಂಭಿಸಿತು. ಈ ವಿಷಯವನ್ನೇ ಜೀವನದ ವೃತ್ತಿ ಮಾಡಿಕೊಳ್ಳುವ ವೈದ್ಯರನ್ನು ಕನ್ನಡ ಕರಾವಳಿ ತಯಾರು ಮಾಡುತ್ತಿರುವುದು ಹೆಮ್ಮೆಯ ಸಂಗತಿ.

ಸಾಮಾನ್ಯ ಅಧ್ಯಾಪಕರಿಗೆ ಇರುವ ದಾರಿ ಇಷ್ಟು ದೀರ್ಘವಲ್ಲ. ಮೊದಲನೆಯದು ಜಿಸಿಪಿ ಎಂದು ಎಲ್ಲರೂ ಕರೆಯುವ, ಔಷಧ ಪ್ರಯೋಗದ ಸತ್ಕ್ರಮಗಳ ಒಂದೆರಡು ದಿನದ ಕಾರ್ಯಾಗಾರ. ಎರಡನೆಯದು ಬಿಸಿಬಿಆರ್, ಅಂದರೆ ಜೈವಿಕ ವೈದ್ಯಕೀಯ ಸಂಶೋಧನೆಯ ಮೂಲ ಕೋರ್ಸು. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗವಿಜ್ಞಾನ ಸಂಸ್ಥೆ 2019ರಿಂದ ಇದನ್ನು ಆನ್‌ಲೈನ್‌ನಲ್ಲಿ ನಡೆಸುತ್ತಿದೆ. ಪಿಜಿ ವಿದ್ಯಾರ್ಥಿಗಳಿಗೆ ಇದು ಕಡ್ಡಾಯ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ಬೋಧಕರ ಅರ್ಹತಾ ನಿಯಮಗಳು ಬಡ್ತಿಗೂ ಇದನ್ನು ಕೇಳಿದವು. ಸಂಶೋಧನಾ ವಿನ್ಯಾಸ, ಸಂಖ್ಯಾಶಾಸ್ತ್ರ, ಬರವಣಿಗೆಯ ಜೊತೆಗೆ ನೀತಿಯೂ ಅದರಲ್ಲಿ ಒಂದು ಭಾಗ. ಪಿಎಚ್‌ಡಿಗೆ ಸೇರುವ ಅಧ್ಯಾಪಕರಿಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ 2019ರ ಕೊನೆಗೆ ತಂದ ಸಂಶೋಧನೆ ಮತ್ತು ಪ್ರಕಟಣಾ ನೀತಿಯ ಎರಡು ಕ್ರೆಡಿಟ್‌ಗಳ ಪಠ್ಯವೂ ಇದೆ.

ಆನ್‌ಲೈನ್ ಕೋರ್ಸಿನಿಂದ ಆದ ಉಪಕಾರ ಸಣ್ಣದಲ್ಲ. ನೀತಿಯ ಮಾತನ್ನೇ ಕೇಳದ ವಿಭಾಗಗಳಿಗೂ ಅದು ತಲುಪಿತು. ಆದರೆ ಬಡ್ತಿಗೆ ಕಟ್ಟಿದ ಸರ್ಟಿಫಿಕೇಟು ಕಲಿಕೆಯನ್ನು ಫೈಲಿನ ಹಾಳೆಯನ್ನಾಗಿಸುವ ಅಪಾಯ ಇದ್ದೇ ಇದೆ. ಪರೀಕ್ಷೆಯಲ್ಲಿ ಸರಿಯುತ್ತರ ಗುರುತಿಸುವ ಜಾಣ್ಮೆ ಬೇರೆ, ಹುಲ್ಲಹಳ್ಳಿಯ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಮಗುವನ್ನು ಸೊಂಟಕ್ಕೇರಿಸಿ ನಿಂತ ತಾಯಿಗೆ ಅಧ್ಯಯನದ ಉದ್ದೇಶ ತಿಳಿಸುವ ಜಾಣ್ಮೆ ಬೇರೆ. ಎರಡನೆಯದನ್ನು ಯಾವ ವಿಡಿಯೊ ಪಾಠವೂ ಕಲಿಸಿಲ್ಲ. ಹಿರಿಯ ಅಧ್ಯಾಪಕರು ಕಿರಿಯರನ್ನು ಜೊತೆಗೆ ಕರೆದೊಯ್ದು, ತಾವು ಮಾತಾಡುವುದನ್ನು ಅವರು ನೋಡುವಂತೆ ಮಾಡಿ, ಅವರ ಮಾತನ್ನು ತಿದ್ದಿದರಷ್ಟೇ ಅದು ಬರುತ್ತದೆ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಓದಿದ ಪ್ರತಿ ಪಿಜಿ ವೈದ್ಯರಿಗೂ ನೆನಪಿರುವ ಎರಡು ಕಲಮುಗಳಿವೆ. ಪ್ರಬಂಧ ಶುರುಮಾಡುವ ಮೊದಲು ಸಲ್ಲಿಸುವ ಯೋಜನಾ ಪತ್ರದ, ಅಂದರೆ ಸಿನಾಪ್ಸಿಸ್ ನಮೂನೆಯ 7.3ನೆಯ ಕಲಮು ರೋಗಿಗಳ ಮೇಲೋ ಪ್ರಾಣಿಗಳ ಮೇಲೋ ತಪಾಸಣೆ, ಚಿಕಿತ್ಸೆ ನಡೆಯಲಿದೆಯೇ ಎಂದು ಕೇಳುತ್ತದೆ, 7.4 ಸಂಸ್ಥೆಯ ನೈತಿಕ ಅನುಮತಿ ಸಿಕ್ಕಿದೆಯೇ ಎಂದು. ಸಾವಿರಾರು ಪ್ರಬಂಧಗಳಲ್ಲಿ ಎರಡಕ್ಕೂ ‘ಹೌದು’ ಎಂಬ ಒಂದೇ ಪದದ ಉತ್ತರ ಕಾಣುತ್ತದೆ. ಆ ಒಂದು ಪದದ ಹಿಂದೆ ಎಷ್ಟು ಚರ್ಚೆ ನಡೆದಿದೆ ಎಂಬುದು ಗೈಡ್ ಎಂಥವರು ಎಂಬುದನ್ನೇ ಅವಲಂಬಿಸಿದೆ.

ಒಪ್ಪಿಗೆ: ತರಬೇತಿಯ ನಡುಮನೆ

ಉಳಿದೆಲ್ಲ ವಿಷಯಗಳಿಗಿಂತ ಹೆಚ್ಚು ಹೊತ್ತು ಬೋಧಕರು ಇಲ್ಲಿ ನಿಲ್ಲಬೇಕು. ನಿಯಮ ಸರಳವಾಗಿದೆ. ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಪತ್ರ ಇರಬೇಕು. ಉದ್ದೇಶ, ವಿಧಾನ, ತೊಂದರೆ, ಲಾಭ, ಗೋಪ್ಯತೆ, ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕು, ಸಂಪರ್ಕಿಸಬೇಕಾದವರ ವಿವರ ಅದರಲ್ಲಿರಬೇಕು. ಓದಲು ಬಾರದವರಾದರೆ ಸಂಶೋಧನೆಗೆ ಸಂಬಂಧಪಡದ ಸಾಕ್ಷಿಯೊಬ್ಬರು ಮೊದಲಿಂದ ಕೊನೆಯವರೆಗೆ ಕುಳಿತು ಕೇಳಿ ಸಹಿ ಹಾಕಬೇಕು, ಭಾಗವಹಿಸುವವರು ಹೆಬ್ಬೆಟ್ಟು ಒತ್ತಬೇಕು. ಹೊಸ ಔಷಧದ ಪ್ರಯೋಗದಲ್ಲಿ ದುರ್ಬಲ ವರ್ಗದವರನ್ನು ಸೇರಿಸಿಕೊಳ್ಳುವಾಗ ಒಪ್ಪಿಗೆಯ ಮಾತುಕತೆಯನ್ನು ವಿಡಿಯೊದಲ್ಲಿ ದಾಖಲಿಸಬೇಕು.

ಕಷ್ಟ ಇರುವುದು ನಿಯಮದ ಆಚೆ. ಕೆ.ಆರ್. ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ತಿ. ನರಸೀಪುರದಿಂದ ಬೆಳಗಿನ ಬಸ್ಸಿಗೆ ಬಂದ ರೈತನಿಗೆ ಎದುರಿಗಿರುವವರು ಡಾಕ್ಟರು, ಅಷ್ಟೆ. ಅವರು ಸಂಶೋಧಕರೂ ಹೌದು ಎಂಬುದು ಅವನಿಗೆ ಹೊಳೆಯುವುದಿಲ್ಲ. ಒಂದು ಕಾಗದ ಮುಂದಿಟ್ಟರೆ ‘ನೀವು ಹೇಳ್ದಂಗೇ ಆಗ್ಲಿ ಡಾಕ್ಟ್ರೇ’ ಎಂದು ಸಹಿ ಹಾಕುತ್ತಾನೆ. ಹಾಕದಿದ್ದರೆ ಔಷಧಿ ಸಿಗಲಾರದೆಂಬ ಭಯ ಒಂದು ಕಡೆ, ಹಾಕಿದರೆ ಇನ್ನೂ ಒಳ್ಳೆಯ ಚಿಕಿತ್ಸೆ ಸಿಕ್ಕೀತೆಂಬ ಆಸೆ ಇನ್ನೊಂದು ಕಡೆ. ಎರಡೂ ತಪ್ಪು ಕಲ್ಪನೆಗಳೇ, ಮತ್ತು ಎರಡನ್ನೂ ಬಿಡಿಸಿ ಹೇಳುವ ಹೊಣೆ ವೈದ್ಯರದು. ಹಾಗಾಗಿ ಚಿಕಿತ್ಸೆ ಕೊಡುವ ವೈದ್ಯರೇ ಒಪ್ಪಿಗೆ ಕೇಳದೆ ತಂಡದ ಇನ್ನೊಬ್ಬರು ಕೇಳುವುದು, ಮನೆಗೆ ಹೋಗಿ ಯೋಚಿಸಿ ಬನ್ನಿ ಎನ್ನುವುದು, ‘ಬೇಡ ಅಂದ್ರೂ ನಿಮ್ಮ ಔಷಧಿ ನಿಲ್ಲಲ್ಲ’ ಎಂಬ ಮಾತನ್ನು ಮೊದಲ ವಾಕ್ಯದಲ್ಲೇ ಹೇಳುವುದು ರೂಢಿಯಾಗಬೇಕು.

ಸುತ್ತೂರಿನ ಸುತ್ತ ಇದಕ್ಕೆ ಇನ್ನೊಂದು ಪದರವಿದೆ. ಮಠದ ಮೇಲೆ ಜನರಿಗಿರುವ ಭಕ್ತಿ ಅಲ್ಲಿನ ಆಸ್ಪತ್ರೆಯ ಮೇಲೂ ಇದೆ. ಶಾಲೆ, ಅನ್ನ, ಔಷಧಿ ಕೊಟ್ಟವರು ಕೇಳಿದಾಗ ಇಲ್ಲ ಎನ್ನುವುದು ಹೇಗೆ? ಈ ವಿಶ್ವಾಸ ಆರೋಗ್ಯ ಸೇವೆಗೆ ದೊಡ್ಡ ಬಲ, ಅದನ್ನು ಕಟ್ಟಲು ದಶಕಗಳು ಹಿಡಿದಿವೆ. ಆದರೆ ಒಪ್ಪಿಗೆಯ ವಿಷಯದಲ್ಲಿ ಈ ವಿಶ್ವಾಸವೇ ಬೋಧಕರ ಮೇಲೆ ಹೆಚ್ಚಿನ ಎಚ್ಚರವನ್ನು ಹೊರಿಸುತ್ತದೆ. ಸುಲಭವಾಗಿ ಹೌದು ಎನ್ನುವ ಊರಿನಲ್ಲಿ ಇಲ್ಲ ಎನ್ನಲು ಜಾಗ ಮಾಡಿಕೊಡುವುದು ಸಂಶೋಧಕರ ಕೆಲಸ. ತಿ. ನರಸೀಪುರದ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯಲ್ಲಾಗಲಿ ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಾಗಲಿ ಕಾರ್ಮಿಕರ ಮೇಲೆ ಅಧ್ಯಯನ ಮಾಡುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಮ್ಯಾನೇಜರು ಒಪ್ಪಿದರೆಂದು ಕೆಲಸಗಾರ ಒಪ್ಪಿದಂತಾಗುವುದಿಲ್ಲ. ತಪಾಸಣೆಯ ಫಲಿತಾಂಶ ಆಡಳಿತದ ಕೈಗೆ ಹೋಗಬಾರದು.

ಹೆಡಿಯಾಲದ ಕಡೆ, ಬಂಡೀಪುರದ ಅಂಚಿನ ಬುಡಕಟ್ಟು ಜನರ ಹಾಡಿಗಳಲ್ಲಿ ಯಜಮಾನನ ಮಾತಿಗೆ ಬೆಲೆಯಿದೆ. ಮಾರ್ಗಸೂಚಿ ಅದನ್ನು ಗೌರವಿಸಿ, ಸಮುದಾಯದ ಹಿರಿಯರನ್ನು ಮೊದಲು ಕಂಡು ಮಾತಾಡಿ ಎನ್ನುತ್ತದೆ. ಅಷ್ಟಕ್ಕೇ ನಿಲ್ಲಬೇಡಿ, ಒಬ್ಬೊಬ್ಬರನ್ನೂ ಕೇಳಿ ಎಂದೂ ಹೇಳುತ್ತದೆ. ವಂಶವಾಹಿ ಅಧ್ಯಯನಕ್ಕೆ ರಕ್ತ ತೆಗೆಯುವಾಗ ಈ ಎರಡು ಹಂತಗಳು ಇನ್ನೂ ಮುಖ್ಯ. ಒಬ್ಬರ ರಕ್ತದಿಂದ ಇಡೀ ಕುಲದ ಬಗ್ಗೆ ಮಾತು ಹುಟ್ಟುತ್ತದೆ.

ಕನ್ನಡ ಒಪ್ಪಿಗೆ ಪತ್ರಗಳ ಸ್ಥಿತಿ ಚಿಂತೆ ಹುಟ್ಟಿಸುವಂಥದ್ದು. ಇಂಗ್ಲಿಷ್ ಪ್ರೊಟೊಕಾಲ್ ಬರೆದು ಮುಗಿಸಿ, ಸಮಿತಿಯ ಸಭೆಗೆ ಎರಡು ದಿನ ಇರುವಾಗ ಕಂಪ್ಯೂಟರಿನಿಂದ ಅನುವಾದ ಮಾಡಿಸಿ ಲಗತ್ತಿಸುವ ಪರಿಪಾಠ ಬೆಳೆದಿದೆ. ‘ಯಾದೃಚ್ಛಿಕ’, ‘ಪ್ರತಿಕೂಲ ಘಟನೆ’, ‘ನಿಯಂತ್ರಿತ ಗುಂಪು’ ಎಂಬ ಪದಗಳು ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೂ ಹತ್ತುವುದಿಲ್ಲ. ‘ಯಾರಿಗೆ ಯಾವ ಔಷಧಿ ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತೇವೆ, ಡಾಕ್ಟರು ಆರಿಸುವುದಿಲ್ಲ’ ಎಂದರೆ ಅರ್ಥವಾಗುತ್ತದೆ. ‘ಎರಡು ಚಮಚದಷ್ಟು ರಕ್ತ’ ಎಂದರೆ ಅರ್ಥವಾಗುತ್ತದೆ. ಬೋಧಕರ ಕಾರ್ಯಾಗಾರದಲ್ಲಿ ಅರ್ಧ ದಿನವನ್ನು ಇದೊಂದಕ್ಕೇ ಕೊಟ್ಟು, ಪ್ರತಿಯೊಬ್ಬರಿಂದ ಒಂದು ಪುಟದ ಕನ್ನಡ ಪತ್ರ ಬರೆಸಿ, ಅದನ್ನು ಆಶಾ ಕಾರ್ಯಕರ್ತೆಯೊಬ್ಬರ ಎದುರು ಓದಿಸಿ ಏನು ತಿಳಿಯಿತೆಂದು ಕೇಳಿದರೆ, ನಾಲ್ಕು ಉಪನ್ಯಾಸಗಳಲ್ಲಿ ಆಗದ ಕೆಲಸ ಆಗುತ್ತದೆ.

ಹಣದ ವಿಷಯದಲ್ಲಿ ಹಿಂಜರಿಕೆ ಬೇಡ. ಕೂಲಿ ಬಿಟ್ಟು ಬಂದವರಿಗೆ ಬಸ್ ಚಾರ್ಜು, ಕಳೆದ ಕೂಲಿ ಕೊಡುವುದು ನ್ಯಾಯ. ಮಾರ್ಗಸೂಚಿ ಅದಕ್ಕೆ ಅವಕಾಶ ಕೊಡುತ್ತದೆ. ಅಪಾಯವನ್ನು ಮರೆಸುವಷ್ಟು ಕೊಡುವುದಷ್ಟೇ ತಪ್ಪು.

ಸಮಿತಿ

ಔಷಧ ಪ್ರಯೋಗಗಳನ್ನು ನೋಡುವ ಸಮಿತಿಯಲ್ಲಿ ಕನಿಷ್ಠ ಏಳು ಜನರಿರಬೇಕು, ಅರ್ಧದಷ್ಟು ಸದಸ್ಯರು ಸಂಸ್ಥೆಯ ಹೊರಗಿನವರಾಗಿರಬೇಕು, ಅಧ್ಯಕ್ಷರೂ ಹೊರಗಿನವರೇ. ವೈದ್ಯರಲ್ಲದ ಸಾಮಾನ್ಯ ನಾಗರಿಕರೊಬ್ಬರು, ಕಾನೂನು ಬಲ್ಲವರು, ಸಮಾಜ ವಿಜ್ಞಾನಿ ಅಥವಾ ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿ ಇರಲೇಬೇಕು. ಸಾಮಾನ್ಯ ನಾಗರಿಕರ ಕುರ್ಚಿಗೆ ಕಾಲೇಜುಗಳು ಮೈಸೂರಿನ ನಿವೃತ್ತ ಅಧಿಕಾರಿಗಳನ್ನೋ ಪ್ರಾಧ್ಯಾಪಕರನ್ನೋ ಕರೆಯುವುದು ಸುಲಭದ ದಾರಿ. ಸಂಶೋಧನೆ ನಡೆಯುವುದು ಸುತ್ತೂರು, ಹುಲ್ಲಹಳ್ಳಿ, ತಲಕಾಡಿನ ಕಡೆ ಆದರೆ ಆ ಕಡೆಯವರೊಬ್ಬರು, ಒಬ್ಬ ನಿವೃತ್ತ ಶಾಲಾ ಶಿಕ್ಷಕಿ ಅಥವಾ ಹಾಲಿನ ಡೇರಿಯ ಕಾರ್ಯದರ್ಶಿ, ಆ ಕುರ್ಚಿಯಲ್ಲಿರುವುದು ಹೆಚ್ಚು ಸರಿ. ‘ಸಂಜೆ ಆರಕ್ಕೆ ಹೋಗಿ ಹೆಂಗಸರನ್ನು ಮುಟ್ಟಿನ ಬಗ್ಗೆ ಕೇಳ್ತೀರಾ? ಆಗ ಮನೆ ತುಂಬ ಜನ ಇರ್ತಾರಲ್ಲ’ ಎಂಬ ಪ್ರಶ್ನೆ ಅಂಥವರಿಂದಲೇ ಬರಬೇಕು. ಅವರಿಗೂ ತರಬೇತಿ ಬೇಕು, ಅದೂ ಕನ್ನಡದಲ್ಲಿ.

ಸಮಿತಿಯಲ್ಲಿ ಕೂರುವ ಅಧ್ಯಾಪಕರಿಗೆ ಬೇಕಾದ ಪಾಠ ಸ್ವಲ್ಪ ಬೇರೆ. ತನ್ನದೇ ವಿಭಾಗದ ಪ್ರಸ್ತಾವ ಬಂದಾಗ ಎದ್ದು ಹೊರಗೆ ಹೋಗುವುದು, ಹಿರಿಯ ಪ್ರಾಧ್ಯಾಪಕರ ಪ್ರಸ್ತಾವಕ್ಕೂ ಆಕ್ಷೇಪ ಎತ್ತುವುದು, ಅನುಮತಿ ಕೊಟ್ಟ ಮೇಲೂ ಹೋಗಿ ನೋಡುವುದು. ಕೊನೆಯದು ಅತಿ ಕಡಿಮೆ ನಡೆಯುವ ಕೆಲಸ. ಔಷಧ ಪ್ರಯೋಗದಲ್ಲಿ ಗಂಭೀರ ತೊಂದರೆಯಾದರೆ ಸಂಶೋಧಕರು 24 ಗಂಟೆಯೊಳಗೆ ತಿಳಿಸಬೇಕು, ಗಾಯಗೊಂಡವರಿಗೆ ಉಚಿತ ಚಿಕಿತ್ಸೆ ಸಿಗಬೇಕು ಎಂಬ ನಿಯಮವಿದೆ. 2020ರಲ್ಲಿ ಕೋವಿಶೀಲ್ಡ್ ಲಸಿಕೆಯ ಭಾರತದ ಪ್ರಯೋಗ 1,600 ಜನರ ಮೇಲೆ ನಡೆದಾಗ ಮೈಸೂರಿನ ಜೆಎಸ್‌ಎಸ್ ಅದರ ಕೇಂದ್ರಗಳಲ್ಲಿ ಒಂದಾಗಿತ್ತು. ಅಂಥ ಪ್ರಯೋಗಗಳ ಮೇಲೆ ಎಲ್ಲರ ಕಣ್ಣಿರುತ್ತದೆ. ಒಬ್ಬ ಪಿಜಿ ಒಬ್ಬನೇ ಮಾಡುವ ಸಣ್ಣ ಅಧ್ಯಯನದ ಮೇಲೆ ಗೈಡ್‌ನ ಕಣ್ಣು ಬಿಟ್ಟರೆ ಬೇರೆ ಕಣ್ಣಿಲ್ಲ.

ದಾಖಲೆ ಮತ್ತು ಗುಟ್ಟು

2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ಉದ್ಯೋಗಿಗೆ ಕೊರೊನಾ ತಗುಲಿದ್ದು ಪತ್ತೆಯಾಗಿ, ಕೆಲವೇ ವಾರಗಳಲ್ಲಿ ಆ ಸರಪಳಿ ಎಪ್ಪತ್ತಕ್ಕೂ ಹೆಚ್ಚು ಜನರಿಗೆ ಹರಡಿತು. ರಾಜ್ಯದ ಆರೋಗ್ಯ ಪ್ರಕಟಣೆಗಳಲ್ಲಿ ರೋಗಿಗಳಿಗೆ ಹೆಸರಿನ ಬದಲು ಸಂಖ್ಯೆ ಇತ್ತು. ಆದರೆ ವಯಸ್ಸು, ಊರು, ಯಾರ ಸಂಪರ್ಕ ಎಂಬುದೆಲ್ಲ ಇದ್ದ ಮೇಲೆ ಸಣ್ಣ ಊರಿನಲ್ಲಿ ಸಂಖ್ಯೆ ಎಷ್ಟು ಹೊತ್ತು ಮರೆಮಾಡೀತು? ಸಾಂಕ್ರಾಮಿಕದ ತುರ್ತಿನಲ್ಲಿ ಸರ್ಕಾರಕ್ಕೆ ಅದರ ಅಗತ್ಯವಿತ್ತೆಂದು ವಾದಿಸಬಹುದು. ಸಂಶೋಧನೆಗೆ ಅಂಥ ನೆಪವಿಲ್ಲ. ಐಸಿಎಂಆರ್ ಆ ಏಪ್ರಿಲ್‌ನಲ್ಲೇ ಕೋವಿಡ್ ಕಾಲದ ಸಂಶೋಧನೆಯನ್ನು ಸಮಿತಿಗಳು ಹೇಗೆ ನೋಡಬೇಕೆಂದು ಪ್ರತ್ಯೇಕ ಮಾರ್ಗಸೂಚಿ ಕೊಟ್ಟಿತು. ಹೆಸರು ಅಳಿಸಿದರೆ ಗುರುತು ಅಳಿಯಿತು ಎಂದುಕೊಳ್ಳುವ ಬೋಧಕರಿಗೆ ನಂಜನಗೂಡಿನ ಆ ದಿನಗಳೇ ಪಠ್ಯ.

ಹಳೆಯ ದಾಖಲೆಗಳ ಪ್ರಶ್ನೆಗೆ ಮೈಸೂರಿನಲ್ಲೇ ಹೆಸರಾಂತ ಉದಾಹರಣೆಯಿದೆ. ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಜೋಪಾನವಾಗಿಟ್ಟ ಹೆರಿಗೆ ದಾಖಲೆಗಳನ್ನು ಹಿಡಿದು, ಹುಟ್ಟುವಾಗಿನ ತೂಕಕ್ಕೂ ನಡುವಯಸ್ಸಿನ ಸಕ್ಕರೆ ಕಾಯಿಲೆ, ಹೃದ್ರೋಗಕ್ಕೂ ಇರುವ ನಂಟನ್ನು ಸಂಶೋಧಕರು ಹುಡುಕಿದರು. 1997–98ರಲ್ಲಿ ಅಲ್ಲಿಯೇ 830 ಗರ್ಭಿಣಿಯರಿಂದ ಇನ್ನೊಂದು ಅಧ್ಯಯನ ಆರಂಭವಾಗಿ, ಅವರ ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿತು. ಚಿಕಿತ್ಸೆಗೆಂದು ಬರೆದಿಟ್ಟದ್ದನ್ನು ಅರ್ಧ ಶತಮಾನದ ಮೇಲೆ ಸಂಶೋಧನೆಗೆ ಬಳಸಬಹುದೇ, ತಾಯಿ ಕೊಟ್ಟ ಒಪ್ಪಿಗೆ ಮಗು ದೊಡ್ಡದಾದ ಮೇಲೂ ನಡೆಯುತ್ತದೆಯೇ ಎಂಬ ಪ್ರಶ್ನೆಗಳನ್ನು ಕಲಿಸಲು ಬೋಧಕರು ದೂರದ ದೇಶದ ಕಥೆ ಹೇಳಬೇಕಾಗಿಲ್ಲ. ಎರಡನೆಯದಕ್ಕೆ ಉತ್ತರ ಸ್ಪಷ್ಟ: ಹದಿನೆಂಟು ತುಂಬಿದ ಮೇಲೆ ಅವರನ್ನೇ ಹೊಸದಾಗಿ ಕೇಳಬೇಕು.

ಆಯುರ್ವೇದ

ನಂಜನಗೂಡಿನ ಹೆಸರು ಹಲ್ಲುಪುಡಿಯ ಮೂಲಕ ನಾಡಿನ ಮನೆಮನೆಗೆ ಹೋಗಿದೆ. ಬಿ.ವಿ. ಪಂಡಿತರು 1913ರಲ್ಲಿ ಆರಂಭಿಸಿದ ಸದ್ವೈದ್ಯಶಾಲೆ ಅದನ್ನು ತಯಾರಿಸಿತು. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು ಇನ್ನೂ ಹಳೆಯದು. ಆಯುರ್ವೇದ ಬೋಧಕರೂ ಸಂಶೋಧನೆ ಮಾಡಿಸುತ್ತಾರೆ, ಅವರ ಔಷಧಿಗಳಿಗೆ 2013ರಲ್ಲಿ ಬಂದ ಪ್ರತ್ಯೇಕ ಸತ್ಕ್ರಮ ಮಾರ್ಗಸೂಚಿಯಿದೆ. ತಲೆಮಾರುಗಳಿಂದ ಬಳಕೆಯಲ್ಲಿದೆ, ಹಾಗಾಗಿ ತೊಂದರೆಯಿಲ್ಲ ಎಂಬ ನಂಬಿಕೆ ಒಪ್ಪಿಗೆ ಪತ್ರದಲ್ಲಿ ‘ಯಾವ ಅಡ್ಡಪರಿಣಾಮವೂ ಇಲ್ಲ’ ಎಂಬ ಸಾಲಾಗಿ ಇಳಿಯಬಾರದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಬೇಕು.

ಊರಿಗೆ ಮರಳುವ ಉತ್ತರ

ಫಲಿತಾಂಶವನ್ನು ಸಮುದಾಯಕ್ಕೆ ತಿಳಿಸಬೇಕೆಂಬುದು ಮಾರ್ಗಸೂಚಿಯ ಸ್ಪಷ್ಟ ನಿರೀಕ್ಷೆ. ಬಹುತೇಕ ಪ್ರಬಂಧಗಳು ಗ್ರಂಥಾಲಯದ ಕಪಾಟು ಸೇರಿದ ಮೇಲೆ ಊರಿಗೆ ತಿರುಗುವುದಿಲ್ಲ. ಶಿಬಿರದಲ್ಲಿ ರಕ್ತದೊತ್ತಡ ಹೆಚ್ಚು ಕಂಡವರನ್ನು ಮುಂದಿನ ಚಿಕಿತ್ಸೆಗೆ ಒಪ್ಪಿಸದೆ ಅಂಕಿ ಬರೆದುಕೊಂಡು ಹೋಗುವುದು ನೀತಿಗೆ ವಿರುದ್ಧ. ಶ್ರವಣ ತಪಾಸಣೆಯಲ್ಲಿ ಅನುಮಾನ ಬಂದ ಕೂಸನ್ನು ಮೈಸೂರಿಗೆ ಕರೆಸಿ ಪೂರ್ಣ ಪರೀಕ್ಷೆ ಮಾಡುವ ವ್ಯವಸ್ಥೆ ಅಧ್ಯಯನದ ಮೊದಲೇ ಸಿದ್ಧವಿರಬೇಕು. ಸಿನಾಪ್ಸಿಸ್ ತಿದ್ದುವಾಗ ಗೈಡ್ ಕೇಳಬೇಕಾದ ಪ್ರಶ್ನೆಗಳು ಇವು: ಕಾಯಿಲೆ ಸಿಕ್ಕರೆ ಯಾರಿಗೆ ಹೇಳುತ್ತೀಯ, ಎಲ್ಲಿಗೆ ಕಳಿಸುತ್ತೀಯ, ಖರ್ಚು ಯಾರದು, ಅಧ್ಯಯನ ಮುಗಿದ ಮೇಲೆ ಗ್ರಾಮ ಪಂಚಾಯಿತಿಯಲ್ಲಿ ಯಾವ ದಿನ ಕುಳಿತು ಏನು ಕಂಡಿತೆಂದು ಕನ್ನಡದಲ್ಲಿ ಹೇಳುತ್ತೀಯ. ಈ ನಾಲ್ಕಕ್ಕೆ ಉತ್ತರ ಬರೆದಿರದ ಸಿನಾಪ್ಸಿಸ್ ಅನ್ನು ಸಮಿತಿಗೆ ಕಳಿಸದೆ ವಿದ್ಯಾರ್ಥಿಗೆ ಹಿಂದಿರುಗಿಸುವ ಅಧಿಕಾರ ಗೈಡ್‌ಗೆ ಇದೆ.